ಬಲ್ಹರನ ಊರು, ಚೀನಾದ ಬೆಟ್ಟ-ನೀರು

ಹಿಜರಿ 237, ಅಂದರೆ ಕ್ರಿ.ಶ. 851ರಲ್ಲಿ ಅರಬ್ಬಿ ಭಾಷೆಯಲ್ಲಿ ಒಂದು ಸಣ್ಣ ಪುಸ್ತಕ ಸಿದ್ಧವಾಯಿತು. ಇರಾನಿನ ಸಿರಾಫ್ ಬಂದರಿನ ಕಡೆಯಿಂದ ಹಡಗು ಹತ್ತಿ, ಹಿಂದೂಸ್ತಾನದ ದಂಡೆ ದಾಟಿ, ಚೀನಾದವರೆಗೆ ಹೋಗಿ ಬಂದವರು ಹೇಳಿದ ಸುದ್ದಿಗಳ ಸಂಗ್ರಹ ಅದು. ಹೆಸರು 'ಅಖ್ಬಾರುಸ್ಸೀನ್ ವಲ್‌ಹಿಂದ್', ಎಂದರೆ ಚೀನಾ ಮತ್ತು ಹಿಂದೂಸ್ತಾನದ ಸಮಾಚಾರಗಳು. ಸುಲೈಮಾನ್ ಎಂಬ ವರ್ತಕನ ಹೆಸರಿಗೆ ಅದನ್ನು ಸೇರಿಸುವುದು ವಾಡಿಕೆ. ಅದರಲ್ಲಿ ಬರುವ ಒಂದು ಸಂಗತಿ ನಮ್ಮ ಸೀಮೆಯವರಿಗೆ ಇನ್ನಷ್ಟು ಪರಿಚಿತವಾಗಬೇಕಿತ್ತು. ಲೋಕದಲ್ಲಿ ದೊಡ್ಡ ದೊರೆಗಳು ನಾಲ್ವರು, ಇದನ್ನು ಹಿಂದೂಸ್ತಾನದವರೂ ಚೀನಾದವರೂ ಒಪ್ಪುತ್ತಾರೆ ಎನ್ನುತ್ತದೆ ಆ ಪುಸ್ತಕ. ಮೊದಲನೆಯವನು ಅರಬರ ದೊರೆ, ಅಂದರೆ ಖಲೀಫ. ಎರಡನೆಯವನು ಚೀನಾದ ದೊರೆ. ಮೂರನೆಯವನು ರೂಮಿನ ದೊರೆ. ನಾಲ್ಕನೆಯವನು ಬಲ್ಹರ, ಕಿವಿ ಚುಚ್ಚಿಸಿಕೊಂಡವರ ಅರಸ.

ಈ ಬಲ್ಹರ ಬೇರೆ ಯಾರೂ ಅಲ್ಲ, ವಲ್ಲಭರಾಜ. ರಾಷ್ಟ್ರಕೂಟ ಅರಸರ ಬಿರುದು ಅರಬರ ಬಾಯಲ್ಲಿ ಹಾಗಾಯಿತು. ಪುಸ್ತಕ ಸಿದ್ಧವಾದ ಹೊತ್ತಿಗೆ ಆ ಪಟ್ಟದಲ್ಲಿದ್ದವನು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗ. ಬಲ್ಹರರು ಐವತ್ತು ವರ್ಷದವರೆಗೂ ಆಳುತ್ತಾರೆ, ಅರಬರ ಮೇಲಿನ ಪ್ರೀತಿಯಿಂದಲೇ ತಮ್ಮ ದೊರೆಗಳಿಗೆ ಇಷ್ಟು ಆಯುಸ್ಸು ಎಂದು ಅಲ್ಲಿಯ ಜನ ನಂಬುತ್ತಾರೆ ಎಂದೂ ಅದೇ ಪುಸ್ತಕ ಹೇಳುತ್ತದೆ. ಅವನ ರಾಜಧಾನಿ ಮಾನ್ಯಖೇಟ. ಹತ್ತನೆಯ ಶತಮಾನದ ಅರಬ್ ಇತಿಹಾಸಕಾರ ಅಲ್‌ಮಸ್‌ಊದಿ ಅದನ್ನು 'ಮಾನ್‌ಕೀರ್' ಎಂದು ಕರೆದು, ಅಲ್ಲಿಯ ಜನ 'ಕೀರಿಯಾ' ಎಂಬ ಭಾಷೆ ಆಡುತ್ತಾರೆ ಎಂದು ಬರೆದ. ಆ ಕೀರಿಯಾ ಕನ್ನಡವೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ.

ಇಂದು ಆ ಊರು ಮಳಖೇಡ, ಸೇಡಂ ತಾಲ್ಲೂಕಿನ ಒಂದು ಹಳ್ಳಿ. ವಾಡಿಯಿಂದ ಸಿಕಂದರಾಬಾದಿನ ಕಡೆ ಹೋಗುವ ರೈಲಿನಲ್ಲಿ ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ಇಳಿಯುವವರು ಕಡಿಮೆ. ಕಾಗಿಣಾ ನದಿಯ ದಂಡೆಯಲ್ಲಿ ಕೋಟೆಯ ಗೋಡೆಗಳಿವೆ, ನೇಮಿನಾಥ ಬಸದಿ ಇದೆ, ಮಾಧ್ವರ ಟೀಕಾಚಾರ್ಯ ಜಯತೀರ್ಥರ ವೃಂದಾವನವಿದೆ. ಅದರಾಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ.

ಸುಲೈಮಾನನ ಪಟ್ಟಿಯ ಎರಡನೆಯ ಮತ್ತು ನಾಲ್ಕನೆಯ ಹೆಸರನ್ನು ಪಕ್ಕಪಕ್ಕ ಇಟ್ಟು ನೋಡೋಣ ಎಂಬುದು ಈ ಲೇಖನದ ಉದ್ದೇಶ. ಸೈನ್ಯ, ಆನೆ, ಭಂಡಾರಗಳ ಹೋಲಿಕೆಯನ್ನು ಆ ವರ್ತಕರೇ ಮಾಡಿದ್ದಾರೆ. ನಾವು ನೋಡಬೇಕೆಂದಿರುವುದು ಒಂದು ಸಣ್ಣ ವಿಷಯ. ಬೆಟ್ಟ, ಹೊಳೆ, ಮಳೆ, ಮರಗಳ ಬಗ್ಗೆ ಆ ಎರಡು ಆಸ್ಥಾನಗಳ ಕವಿಗಳು ಏನು ಮಾಡುತ್ತಿದ್ದರು? ಚೀನಾದವರ ನಿಸರ್ಗ ಕಾವ್ಯ ಜಗತ್ತಿನ ಎಲ್ಲ ಭಾಷೆಗಳಿಗೂ ಹೋಗಿದೆ. ಕಾಗಿಣಾ ದಂಡೆಯದು ಎಲ್ಲಿ ಹೋಯಿತು?

ಮೊದಲು ಚೀನಾ. ಅಲ್ಲಿ ಇಂಥ ಕಾವ್ಯಕ್ಕೆ 'ಶಾನ್‌ಶುಯಿ' ಎಂಬ ಹೆಸರಿದೆ. ಶಾನ್ ಎಂದರೆ ಬೆಟ್ಟ, ಶುಯಿ ಎಂದರೆ ನೀರು. ಎರಡೂ ಸೇರಿದರೆ ನಿಸರ್ಗದೃಶ್ಯ. ಇನ್ನೊಂದು ಕವಲು 'ತಿಯಾನ್‌ಯುವಾನ್', ಹೊಲ-ತೋಟದ ಕಾವ್ಯ. ಈ ಎರಡನೆಯದರ ಹಿರಿಯ ತಾವೊ ಯುವಾನ್‌ಮಿಂಗ್ (365–427). ಅವನು ಒಂದು ಸಣ್ಣ ಜಿಲ್ಲೆಯ ಅಧಿಕಾರಿಯಾಗಿದ್ದ. ಮೇಲಧಿಕಾರಿ ತಪಾಸಣೆಗೆ ಬಂದಾಗ ನಡುಪಟ್ಟಿ ಬಿಗಿದುಕೊಂಡು ಹೋಗಿ ತಲೆ ಬಾಗಿಸಬೇಕೆಂದರು. ಐದು ಅಳತೆ ಅಕ್ಕಿಯ ಸಂಬಳಕ್ಕಾಗಿ ಇದನ್ನು ಮಾಡಲಾರೆ ಎಂದು ಕ್ರಿ.ಶ. 405ರಲ್ಲಿ ಮುದ್ರೆ ಒಪ್ಪಿಸಿ ಊರಿಗೆ ಹೋದನಂತೆ. ನೌಕರಿ ಮಾಡಿದ್ದು ಸುಮಾರು ಎಂಬತ್ತು ದಿನ. ಆಮೇಲೆ ಬದುಕಿಡೀ ಬೇಸಾಯ, ಬಡತನ, ಬೇಲಿಯ ಬಳಿಯ ಸೇವಂತಿಗೆ, ಮತ್ತು ಕವಿತೆ.

ಮೊದಲ ಕವಲಿನ ಹಿರಿಯ ಶಿಯೆ ಲಿಂಗ್‌ಯುನ್ (385–433) ಬೇರೆಯೇ ಬಗೆಯ ಮನುಷ್ಯ. ದೊಡ್ಡ ಜಹಗೀರಿನ ಮನೆತನ. ರಾಜಕೀಯದಲ್ಲಿ ಸೋತು 422ರಲ್ಲಿ ಸಮುದ್ರದ ಕಡೆಯ ಒಂದು ಊರಿಗೆ ವರ್ಗವಾದ. ಅಲ್ಲಿ ಕಚೇರಿ ಬಿಟ್ಟು ಬೆಟ್ಟ ಹತ್ತತೊಡಗಿದ. ಹತ್ತುವಾಗ ಮುಂದಿನ ಹಲ್ಲು, ಇಳಿಯುವಾಗ ಹಿಂದಿನ ಹಲ್ಲು ತೆಗೆಯಬಹುದಾದ ಮರದ ಪಾದುಕೆಯನ್ನು ತಾನೇ ಮಾಡಿಸಿಕೊಂಡಿದ್ದ. ಒಮ್ಮೆ ನೂರಾರು ಆಳುಗಳೊಂದಿಗೆ ಕಾಡು ಕಡಿದು ದಾರಿ ಮಾಡಿಕೊಂಡು ಪಕ್ಕದ ಸೀಮೆಗೆ ಇಳಿದಾಗ ಅಲ್ಲಿಯ ಅಧಿಕಾರಿ ದರೋಡೆಕೋರರು ಬಂದರೆಂದು ಗಾಬರಿಯಾದನಂತೆ. ಕೊನೆಗೆ ರಾಜದ್ರೋಹದ ಆರೋಪದ ಮೇಲೆ 433ರಲ್ಲಿ ಗುವಾಂಗ್‌ಝೌ ನಗರದಲ್ಲಿ ಅವನ ತಲೆ ಹಾರಿಸಲಾಯಿತು. ಅರಬ್ ವರ್ತಕರು ಖಾನ್‌ಫೂ ಎಂದು ಕರೆದದ್ದು ಇದೇ ಬಂದರನ್ನು.

ಇಬ್ಬರ ಕಥೆ ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಚೀನಾದ ನಿಸರ್ಗ ಕಾವ್ಯ ಎಂದರೆ ಮಂಜು, ಬಿದಿರು, ಚಂದ್ರ, ದೋಣಿಯಲ್ಲಿ ಒಬ್ಬ ಮುದುಕ ಎಂಬ ಚಿತ್ರ ನಮ್ಮ ತಲೆಯಲ್ಲಿ ಕುಳಿತಿದೆ. ಅದು ಕ್ಯಾಲೆಂಡರಿನ ಚಿತ್ರ. ಆ ಕವಿತೆಗಳನ್ನು ಬರೆದವರಲ್ಲಿ ಹೆಚ್ಚಿನವರು ಸರ್ಕಾರಿ ಅಧಿಕಾರಿಗಳು. ಬಡ್ತಿ ತಪ್ಪಿದವರು, ವರ್ಗವಾದವರು, ಗಡಿಪಾರಾದವರು, ರಾಜೀನಾಮೆ ಕೊಟ್ಟವರು. ಬೆಟ್ಟದ ಬಗ್ಗೆ ಬರೆಯುವಾಗ ಅವರ ಬೆನ್ನ ಹಿಂದೆ ರಾಜಧಾನಿ ಇರುತ್ತಿತ್ತು. ಅದರ ಹೆಸರು ಎತ್ತದಿರುವುದೇ ಅದಕ್ಕೆ ಕೊಟ್ಟ ಉತ್ತರ.

ಇದನ್ನು 'ರೊಮ್ಯಾಂಟಿಕ್' ಎನ್ನಬಹುದೇ ಎಂಬ ಚರ್ಚೆ ಇದೆ. ಇಪ್ಪತ್ತನೆಯ ಶತಮಾನದ ಚೀನೀ ವಿಮರ್ಶಕರು ಕವಿ ಲೀ ಬಾಯ್‌ಗೆ ಈ ಹಣೆಪಟ್ಟಿ ಹಚ್ಚಿದರು, ಅವನ ಗೆಳೆಯ ದು ಫುಗೆ ವಾಸ್ತವವಾದಿ ಎಂಬುದನ್ನು. ಯುರೋಪಿನ ಶಬ್ದಕ್ಕೆ ಅವರು ಮಾಡಿಕೊಂಡ ರೂಪ 'ಲಾಂಗ್‌ಮಾನ್'. ಉರ್ದುವಿನಲ್ಲಿ ಅದು 'ರೂಮಾನಿ' ಆಯಿತು, ನಮ್ಮಲ್ಲಿ 'ರಮ್ಯ' ಆಯಿತು. ಮೂರೂ ಕಡೆ ಅರ್ಥ ಹುಡುಕುವ ಜೊತೆಗೆ ಸದ್ದನ್ನೂ ಉಳಿಸಿಕೊಂಡದ್ದು ತಮಾಷೆಯಾಗಿದೆ. ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂದ ಮೇಲೆ ಕನ್ನಡದ ನಿಸರ್ಗ ಕವಿತೆಗೆ ಇಂಗ್ಲೆಂಡಿನ ಕೆರೆ-ಬೆಟ್ಟಗಳೇ ಅಳತೆಗೋಲಾದವು. ಅದರಿಂದ ಲಾಭವಾಗಿಲ್ಲವೆಂದಲ್ಲ. ಆದರೆ ಆ ಅಳತೆಗೋಲಿನಿಂದ ತಾವೊನನ್ನು ಅಳೆದರೆ ಅವನ ಸೇವಂತಿಗೆ ಮಾತ್ರ ಕಾಣುತ್ತದೆ, ಒಪ್ಪಿಸಿದ ಮುದ್ರೆ ಕಾಣುವುದಿಲ್ಲ.

ಇನ್ನು ತಾಂಗ್ ಕಾಲ, 618ರಿಂದ 907. ನಮ್ಮ ರಾಷ್ಟ್ರಕೂಟರ ಮೊದಲರ್ಧ ಇದರ ಕೊನೆಯರ್ಧಕ್ಕೆ ಸರಿಹೊಂದುತ್ತದೆ. ಆಗ ಚೀನಾದಲ್ಲಿ ಉನ್ನತ ಅಧಿಕಾರಿಯಾಗಲು ಪರೀಕ್ಷೆ ಇತ್ತು, ಆ ಪರೀಕ್ಷೆಯಲ್ಲಿ ಕವಿತೆ ಬರೆಯಬೇಕಿತ್ತು. ವಾಂಗ್ ವೇ (701–761) ಅದರಲ್ಲಿ ತೇರ್ಗಡೆಯಾಗಿ ನೌಕರಿಗೆ ಸೇರಿದವನು. ಚಿತ್ರಕಾರ, ಸಂಗೀತಗಾರ, ಬೌದ್ಧ. ಅವನ ಇನ್ನೊಂದು ಹೆಸರು ಮೋಜಿಯೆ. ಎರಡನ್ನೂ ಕೂಡಿಸಿ ವೇ-ಮೋ-ಜಿಯೆ ಎಂದು ಓದಿದರೆ ಅದು ವಿಮಲಕೀರ್ತಿ ಎಂಬ ಭಾರತದ ಹೆಸರಿನ ಚೀನೀ ರೂಪ. ಸಂಸಾರದಲ್ಲಿದ್ದೇ ಜ್ಞಾನಿಯಾದ ವೈಶಾಲಿಯ ಗೃಹಸ್ಥ ಈ ವಿಮಲಕೀರ್ತಿ ಎಂದು ಬೌದ್ಧ ಗ್ರಂಥ ಹೇಳುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ನೆಲದೊಳಗಿಂದ ಎದ್ದು ಬಂದ ಬೌದ್ಧ ಸ್ತೂಪವನ್ನು, ಅದರ ಮೇಲಿನ 'ರಾಯ ಅಶೋಕ'ನ ಶಿಲ್ಪವನ್ನು ನೋಡಿದವರಿಗೆ ಈ ದೂರ ಅಷ್ಟು ದೂರವೆನಿಸಲಾರದು. ನಮ್ಮ ನೆಲದಿಂದ ಹೊರಟ ಧರ್ಮವೇ ಮರಳಿ ಒಬ್ಬ ಕವಿಯ ಹೆಸರಾಗಿ ಅಲ್ಲಿ ಕುಳಿತಿದೆ.

ರಾಜಧಾನಿ ಚಾಂಗ್‌ಆನ್‌ನ ದಕ್ಷಿಣಕ್ಕೆ ವಾಂಗ್‌ಚುವಾನ್ ಎಂಬ ಕಣಿವೆಯಲ್ಲಿ ವಾಂಗ್ ವೇಗೆ ಒಂದು ತೋಟವಿತ್ತು. ಅದರ ಇಪ್ಪತ್ತು ತಾಣಗಳ ಮೇಲೆ ಅವನು ಇಪ್ಪತ್ತು ಸಣ್ಣ ಕವಿತೆ ಬರೆದ. ಗೆಳೆಯ ಪೇ ದೀ ಅವಕ್ಕೆ ಜೋಡಿಯಾಗಿ ಇಪ್ಪತ್ತು ಬರೆದ. ಒಂದೊಂದು ಕವಿತೆಗೆ ನಾಲ್ಕು ಸಾಲು, ಸಾಲಿಗೆ ಐದು ಅಕ್ಷರ. ಒಟ್ಟು ಇಪ್ಪತ್ತು ಅಕ್ಷರದಲ್ಲಿ ಒಂದು ಕಾಡು, ಒಂದು ಸಂಜೆ, ಎಲ್ಲಿಂದಲೋ ಕೇಳುವ ಒಂದು ದನಿ ಮುಗಿಯಬೇಕು.

ಇಲ್ಲಿ ವ್ಯಾಕರಣದ ಒಂದು ಸಂಗತಿ ಹೇಳಬೇಕು. ಕನ್ನಡದಲ್ಲಿ 'ನೋಡಿದೆನು' ಎಂದರೆ 'ನಾನು' ಎನ್ನುವ ಅಗತ್ಯವಿಲ್ಲ, ಏಕೆಂದರೆ ಆ 'ನಾನು' ಕ್ರಿಯಾಪದದ ಬಾಲದಲ್ಲೇ ಕುಳಿತಿರುತ್ತದೆ. ಎಷ್ಟು ಅಡಗಿಸಿದರೂ ಕನ್ನಡದ ಕವಿ ಸಿಕ್ಕಿಬೀಳುತ್ತಾನೆ. ಚೀನೀ ಕ್ರಿಯಾಪದಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ, ಕಾಲವೂ ಅಂಟಿಕೊಂಡಿಲ್ಲ. ನೋಡಿದವರು ಯಾರು, ಇಂದೋ ಸಾವಿರ ವರ್ಷದ ಹಿಂದೆಯೋ ಎಂಬುದನ್ನು ಹೇಳದೆಯೇ ಸಾಲು ಪೂರ್ತಿಯಾಗುತ್ತದೆ. ವಾಂಗ್ ವೇಯ ಕವಿತೆಯಲ್ಲಿ ಮನುಷ್ಯ ಇದ್ದೂ ಇಲ್ಲದಂತೆ ಇರುವುದಕ್ಕೆ ಅವನ ಬೌದ್ಧ ಸಾಧನೆ ಎಷ್ಟು ಕಾರಣವೋ ಅವನ ಭಾಷೆಯೂ ಅಷ್ಟೇ ಕಾರಣ. ಕನ್ನಡಕ್ಕೆ ಇದನ್ನು ತರಲು ಹೊರಟವರು ಮೊದಲು ಎಡವುವುದು ಇಲ್ಲಿಯೇ.

ಆದರೆ ತೋಟ ಅವನನ್ನು ಕಾಪಾಡಲಿಲ್ಲ. 755ರಲ್ಲಿ ಆನ್ ಲೂಶಾನ್ ಎಂಬ ಸೇನಾಪತಿ ದಂಗೆಯೆದ್ದ. ಮರುವರ್ಷ ಚಾಂಗ್‌ಆನ್ ಬಿತ್ತು. ವಾಂಗ್ ವೇ ಸೆರೆಸಿಕ್ಕ. ಬಲವಂತದಿಂದ ಬಂಡುಕೋರರ ಕೆಳಗೆ ಹುದ್ದೆ ಹಿಡಿಯಬೇಕಾಯಿತು. ಅರಸರು ಮರಳಿದಾಗ ಅದು ದ್ರೋಹವೆನಿಸಿತು. ಸೆರೆಯಲ್ಲಿದ್ದಾಗ ಅವನು ದುಃಖದಿಂದ ಕಟ್ಟಿದ್ದ ಒಂದು ಕವಿತೆ ಸಾಕ್ಷಿಯಾಗಿ ಬಂತು, ತಮ್ಮ ವಾಂಗ್ ಜಿನ್ ತನ್ನ ಪದವಿಯನ್ನು ಇಳಿಸಿ ಅಣ್ಣನನ್ನು ಬಿಡಿರೆಂದು ಬೇಡಿಕೊಂಡ. ಹಾಗಾಗಿ ಜೀವ ಉಳಿಯಿತು.

ಅದೇ ನಗರದಲ್ಲಿ ಅದೇ ದಂಗೆಯಲ್ಲಿ ಸಿಕ್ಕಿಬಿದ್ದ ದು ಫು (712–770) 757ರ ವಸಂತದಲ್ಲಿ ಬರೆದ ಕವಿತೆಯನ್ನು ಚೀನಾದ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ರಾಜ್ಯ ಮುರಿದಿದೆ, ಗಿಡಮರಗಳಿಗೆ ಅದರ ಪರಿವೆ ಇಲ್ಲ, ಎಂದಿನಂತೆ ಚಿಗುರಿವೆ ಎಂಬ ಸಂಕಟ ಅದರದು. ಮುಂದೆ ಅವನು ಚೆಂಗ್‌ದು ನಗರದ ಹೊರಗೆ ಹುಲ್ಲಿನ ಗುಡಿಸಲು ಕಟ್ಟಿಕೊಂಡ. ಗಾಳಿಗೆ ಮಾಡಿನ ಹುಲ್ಲು ಹಾರಿಹೋಗಿ ರಾತ್ರಿಯಿಡೀ ಮಳೆಯಲ್ಲಿ ನೆನೆದ. ಆಗ ಬರೆದ ಕವಿತೆಯಲ್ಲಿ ಅವನು ಬೇಡುವುದು ತನಗೊಂದು ಮಾಡನ್ನಲ್ಲ, ಬಡವರೆಲ್ಲ ಬೆಚ್ಚಗಿರುವಷ್ಟು ದೊಡ್ಡ ಮನೆಯನ್ನು. ನಿಸರ್ಗವೆಂದರೆ ಅವನಿಗೆ ಬೆಳದಿಂಗಳೂ ಹೌದು, ಮಾಡು ಕಿತ್ತುಕೊಂಡು ಹೋದ ಗಾಳಿಯೂ ಹೌದು. ಚೀನೀ ಕವಿಗಳಲ್ಲಿ ನಮಗೆ ಹೆಚ್ಚು ಹತ್ತಿರದವನು ಇವನೇ.

ಲೀ ಬಾಯ್ (701–762) ಬಗ್ಗೆ ನಮ್ಮ ಓದುಗರಿಗೆ ಕುತೂಹಲವೆನಿಸುವ ಒಂದು ಸಂಗತಿ ಸಾಕು. ಅವನು ಹುಟ್ಟಿದ್ದು ಮಧ್ಯ ಏಷ್ಯಾದ ಸುಯಾಬ್‌ನಲ್ಲಿ, ಅಂದರೆ ಇಂದಿನ ಕಿರ್ಗಿಸ್ತಾನದಲ್ಲಿ, ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅಲ್ಲಿಂದ ಬಹಳ ದೂರವಿಲ್ಲದ ತಲಾಸ್ ನದಿಯ ದಂಡೆಯಲ್ಲಿ 751ರಲ್ಲಿ ಅಬ್ಬಾಸಿಗಳ ಸೈನ್ಯ ತಾಂಗ್ ಸೈನ್ಯವನ್ನು ಸೋಲಿಸಿತು. ಸೆರೆಸಿಕ್ಕ ಚೀನೀಯರಿಂದಲೇ ಕಾಗದ ಮಾಡುವ ವಿದ್ಯೆ ಸಮರ್ಖಂದಕ್ಕೂ ಆಮೇಲೆ ಬಗ್ದಾದಿಗೂ ಬಂತೆಂದು ಹೇಳುವುದುಂಟು. ಅವನ ಸುರಾಪಾನದ ಕವಿತೆಗಳ ಬಗ್ಗೆ ನಾವು ತಕರಾರು ಎತ್ತುವುದಿಲ್ಲ. ಹಾಫಿಜ್‌ನನ್ನು ಓದಿದವರಿಗೆ ಆ ಹಕ್ಕಿಲ್ಲ.

ಈಗ ಕಾಗಿಣಾ ದಂಡೆಗೆ ಬರೋಣ.

ಸುಲೈಮಾನನ ಪುಸ್ತಕದಲ್ಲಿ ಚೀನಾದವರ ಬಗ್ಗೆ ಒಂದು ಮೆಚ್ಚುಗೆಯ ಮಾತಿದೆ. ಅಲ್ಲಿ ಬಡವ-ಬಲ್ಲಿದ, ಚಿಕ್ಕವ-ದೊಡ್ಡವ ಎನ್ನದೆ ಎಲ್ಲರೂ ಬರೆಯಲು ಕಲಿಯುತ್ತಾರೆ ಎಂದು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಮಾನ್ಯಖೇಟದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆಯುತ್ತಿದ್ದ. ಅದರಲ್ಲಿ ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಬಗ್ಗೆ ಹೇಳಿದ್ದು ಪ್ರಸಿದ್ಧವಾಗಿದೆ. ಶಾಸ್ತ್ರ ಓದದೆಯೇ ಇಲ್ಲಿಯ ಜನ ಕಾವ್ಯದಲ್ಲಿ ನುರಿತವರು ಎಂದು ಹೆಮ್ಮೆಪಟ್ಟದ್ದೂ ಅಲ್ಲಿಯೇ. ಅಲ್ಲಿ ಎಲ್ಲರೂ ಬರೆಯಬಲ್ಲರು, ಇಲ್ಲಿ ಓದದವರೂ ಕವಿತೆ ಬಲ್ಲರು! ಎರಡು ನಾಡುಗಳ ಬಗ್ಗೆ ಒಂದೇ ಕಾಲದಲ್ಲಿ ಹೊರಟ ಈ ಎರಡು ಹೊಗಳಿಕೆಗಳು ಎದುರುಬದುರು ನಿಂತಂತಿವೆ.

ಕವಿರಾಜಮಾರ್ಗ ನಿಂತಿರುವುದು ಬಹುಮಟ್ಟಿಗೆ ದಂಡಿಯ 'ಕಾವ್ಯಾದರ್ಶ'ದ ಮೇಲೆ. ಮಹಾಕಾವ್ಯವೆಂದರೆ ಅದರಲ್ಲಿ ಸಮುದ್ರ, ಬೆಟ್ಟ, ಪಟ್ಟಣ, ಋತು, ಸೂರ್ಯೋದಯ, ಚಂದ್ರೋದಯ, ವನಕ್ರೀಡೆ, ಜಲಕ್ರೀಡೆಗಳ ವರ್ಣನೆ ಇರಬೇಕೆಂಬುದು ಅಲ್ಲಿಯ ವಿಧಿ. ಮುಂದೆ ಇದನ್ನೇ ಅಷ್ಟಾದಶ ವರ್ಣನೆ ಎಂದರು. ಹಾಗಾಗಿ ನಮ್ಮ ಹಳೆಯ ಕಾವ್ಯಗಳಲ್ಲಿ ನಿಸರ್ಗಕ್ಕೆ ಬರವಿಲ್ಲ, ಹೆಜ್ಜೆಹೆಜ್ಜೆಗೂ ಇದೆ. ಆದರೆ ಅದು ಮದುವೆ ಮನೆಯ ಚಪ್ಪರದಂತೆ ಬರುತ್ತದೆ. ಚಪ್ಪರವಿಲ್ಲದ ಮದುವೆ ಮದುವೆಯಲ್ಲ, ಹಾಗೆಂದು ಚಪ್ಪರ ನೋಡಲೆಂದೇ ಯಾರೂ ಬರುವುದಿಲ್ಲ. ಸಮುದ್ರವನ್ನೇ ಕಾಣದ ಕವಿಯೂ ಸಮುದ್ರ ವರ್ಣನೆ ಮಾಡಬೇಕಿತ್ತು, ಮಾಡಿದ.

ಅಮೋಘವರ್ಷನ ಗುರು ಜಿನಸೇನಾಚಾರ್ಯರು ಮಾಡಿದ ಒಂದು ಸಾಹಸ ಈ ಮನೋಭಾವಕ್ಕೆ ಒಳ್ಳೆಯ ಉದಾಹರಣೆ. ಕಾಳಿದಾಸನ 'ಮೇಘದೂತ' ನಮ್ಮ ದೇಶದಲ್ಲಿ ಚೀನೀ ಕಾವ್ಯಕ್ಕೆ ಅತ್ಯಂತ ಹತ್ತಿರದ ಕೃತಿ. ಒಡೆಯನ ಶಾಪದಿಂದ ಒಂದು ವರ್ಷ ಗಡಿಪಾರಾದ ನೌಕರ, ಬೆಟ್ಟದ ಮೇಲೆ ಒಂಟಿ, ಮೋಡ, ದಾರಿಯ ಹೊಳೆಗಳು. ಜಿನಸೇನರು ಆ ಕಾವ್ಯದ ಎಲ್ಲ ಸಾಲುಗಳನ್ನೂ ತಮ್ಮ 'ಪಾರ್ಶ್ವಾಭ್ಯುದಯ'ದೊಳಗೆ ಹೆಣೆದು, ವಿರಹದ ಕಥೆಯನ್ನು ತೀರ್ಥಂಕರ ಪಾರ್ಶ್ವನಾಥರ ತಪಸ್ಸಿನ ಕಥೆಯಾಗಿ ಮಾಡಿದರು. ಪಾಂಡಿತ್ಯಕ್ಕೆ ತಲೆಬಾಗಲೇಬೇಕು. ಆದರೆ ಆ ಮೋಡಕ್ಕೆ ಇಲ್ಲಿ ತನ್ನ ಪಾಡಿಗೆ ತೇಲುವ ಸ್ವಾತಂತ್ರ್ಯ ಉಳಿಯಲಿಲ್ಲ.

ಮಾನ್ಯಖೇಟದಲ್ಲಿ ಅಧಿಕಾರದಿಂದ ದೂರ ಹೋಗುವ ಹಂಬಲವೇ ಇರಲಿಲ್ಲವೆಂದು ತಿಳಿಯಬಾರದು. ಸ್ವತಃ ದೊರೆಗೇ ಇತ್ತು. ವಿವೇಕದಿಂದ ರಾಜ್ಯ ತ್ಯಜಿಸಿದ ಅಮೋಘವರ್ಷನ ರಚನೆ ಎಂದು ಹೇಳಿಕೊಳ್ಳುವ 'ಪ್ರಶ್ನೋತ್ತರ ರತ್ನಮಾಲಿಕೆ' ಟಿಬೆಟನ್ ಭಾಷೆಗೂ ಅನುವಾದವಾಗಿದೆ. ಚೀನಾದಲ್ಲಿ ಅಧಿಕಾರಿ ಕುರ್ಚಿ ಬಿಟ್ಟು ಬೆಟ್ಟ ನೋಡಿದ. ಇಲ್ಲಿ ಅರಸ ಸಿಂಹಾಸನ ಬಿಟ್ಟು ಮೋಕ್ಷ ನೋಡಿದ. ಬಿಟ್ಟ ಮೇಲೆ ಕಣ್ಣು ಹೋದ ದಿಕ್ಕು ಬೇರೆ, ಅಷ್ಟೇ.

ಇನ್ನು ಪಂಪ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿಯ ಬಗ್ಗೆ ಅವನು ಬರೆದದ್ದು ಕನ್ನಡದ ನಿಸರ್ಗ ಪ್ರೀತಿಯ ಮೂಲಪಾಠ. ಆದರೆ ಅವನು ಅದನ್ನು ಬರೆದದ್ದು ರಾಷ್ಟ್ರಕೂಟರ ಸಾಮಂತ ಅರಿಕೇಸರಿಯ ಆಸ್ಥಾನದಲ್ಲಿದ್ದು. ಆ ಅರಸರ ರಾಜಧಾನಿ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಪೂರ್ವದ ಬಯಲಲ್ಲಿ ಕುಳಿತು ಪಶ್ಚಿಮದ ಹಸಿರನ್ನು ಹಾಡಿದ! ಆವತ್ತಿನಿಂದ ಇವತ್ತಿನವರೆಗೂ ಕನ್ನಡದಲ್ಲಿ ನಿಸರ್ಗ ಎಂದರೆ ಮಲೆನಾಡು. ಕುಪ್ಪಳಿಯ ಮಳೆಗೆ ಕವಿ ಸಿಕ್ಕ. ಎರಿ ಭೂಮಿಯ ಮೇಲೆ ಬೀಳುವ ಮಿರಗದ ಮಳೆಗೆ ಓದುವ ಪುಸ್ತಕಗಳಲ್ಲಿ ಜಾಗ ಕಡಿಮೆ. ನಮ್ಮ ಭಾಗ ಪಠ್ಯಗಳಲ್ಲಿ ಕಾಣಿಸಿಕೊಳ್ಳುವುದು ಬರ, ಬಿಸಿಲು, ಹಿಂದುಳಿದಿರುವಿಕೆ ಎಂಬ ಮೂರು ಶಬ್ದಗಳೊಂದಿಗೆ.

ಮಿರಗದ ಮಾತು ಬಂದದ್ದರಿಂದ ಉರ್ದುವಿನ ಕಡೆ ಒಂದಿಷ್ಟು ಹೊರಳಬೇಕು. ನಾವು ಎರಡೂ ಭಾಷೆಯ ಶಾಲೆಗಳಲ್ಲಿ ಕಲಿತವರು. ಉರ್ದು ಗಜಲಿನ ಚಮನ್, ಗುಲ್, ಬುಲ್‌ಬುಲ್, ಸರೋ ಮರ ಇವು ಯಾವುದೂ ನಮ್ಮ ಹೊಲದ ಬದುವಿನವಲ್ಲ. ಅವೂ ಅಷ್ಟಾದಶ ವರ್ಣನೆಯಂತೆ ಇರಾನಿನಿಂದ ಬಂದ ಒಂದು ವಿಧಿಯೇ. ಅರಬ್ಬಿಯಲ್ಲಿ ಪಂಪನ ಸಮಕಾಲೀನನಾಗಿ ಅಲೆಪ್ಪೊದಲ್ಲಿದ್ದ ಅಸ್ಸನೌಬರಿ ಹೂವು, ತೋಟ, ಹಿಮಗಳ ಮೇಲೆಯೇ ಕವಿತೆ ಬರೆದು ಹೆಸರಾದ. ಆದರೆ ಉರ್ದುವಿನ ಮೊದಲ ರೂಪವಾದ ದಖನಿಯಲ್ಲಿ ಕಥೆ ಬೇರೆ ಇತ್ತು. 1580ರಲ್ಲಿ ಗೋಲ್ಕೊಂಡದ ಪಟ್ಟಕ್ಕೆ ಬಂದ ಮುಹಮ್ಮದ್ ಕುಲಿ ಕುತುಬ್‌ಶಾಹ ಮೃಗಶಿರಾ ಮಳೆಯ ಹಬ್ಬದ ಮೇಲೆ ಕವಿತೆ ಬರೆದ. ಅವನು ಅದನ್ನು ಕರೆದದ್ದು 'ಮಿರ್ಗ್' ಎಂದೇ. ಚಿತ್ತಾಪುರದ ರೈತ ಇಂದಿಗೂ ಮಿರಗ ಎನ್ನುತ್ತಾನೆ, ಅದಕ್ಕೇ ಬಿತ್ತನೆಗೆ ಕಾಯುತ್ತಾನೆ. ಸುಲ್ತಾನ ಮತ್ತು ರೈತನ ಬಾಯಲ್ಲಿ ಮಳೆಗೆ ಒಂದೇ ಹೆಸರು. ಆ ದಾರಿ ಮುಂದುವರಿದಿದ್ದರೆ! ದೆಹಲಿಯ ನುಡಿ ಮೇಲುಗೈಯಾದ ಮೇಲೆ ಮಿರಗ ಕವಿತೆಯಿಂದ ಹೊರಗೆ ಹೋಯಿತು, ಬುಲ್‌ಬುಲ್ ಒಳಗೆ ಬಂತು. ಮತ್ತೆ ನಿಜವಾದ ಮಳೆ ಉರ್ದು ಕವಿತೆಗೆ ಬರಲು 1874ರಲ್ಲಿ ಲಾಹೋರಿನಲ್ಲಿ ಸಭೆ ಕರೆಯಬೇಕಾಯಿತು. ಮುಹಮ್ಮದ್ ಹುಸೇನ್ ಆಜಾದರು, ಹಾಲಿಯವರು ಅಲ್ಲಿ ಸೇರಿದರು, ಹಾಲಿಯವರ 'ಬರ್ಖಾ ರುತ್' ಅಲ್ಲಿಂದಲೇ ಬಂದದ್ದು. ಅದರ ಹಿಂದೆ ಇಂಗ್ಲಿಷ್ ಶಿಕ್ಷಣಾಧಿಕಾರಿಗಳ ಒತ್ತಾಸೆಯಿತ್ತು. ಚಿತ್ತಾಪುರದ ಮೇಲಿಂದ ಹೋಗುವ ವಾಡಿ-ಸಿಕಂದರಾಬಾದ್ ರೈಲು ಮಾರ್ಗ ತೆರೆದದ್ದೂ ಅದೇ 1874ರಲ್ಲಿ.

ಹಾಗಾದರೆ ಬಲ್ಹರನ ಊರಿನಲ್ಲಿ ತಾವೊನಂಥವನು ಒಬ್ಬನೂ ಇರಲಿಲ್ಲವೇ? ಇದ್ದ. ಕನ್ನಡದಲ್ಲಿ ಬರೆಯಲಿಲ್ಲವಾದ್ದರಿಂದ ನಾವು ಅವನನ್ನು ನಮ್ಮವನೆಂದು ಎಣಿಸಲಿಲ್ಲ, ಅಷ್ಟೇ.

ಅವನ ಹೆಸರು ಪುಷ್ಪದಂತ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಶೈವ ಬ್ರಾಹ್ಮಣ ಮನೆಯವರು ಜೈನರಾದದ್ದು. ಬರೆದ ಭಾಷೆ ಅಪಭ್ರಂಶ, ಇಂದಿನ ಉತ್ತರದ ಭಾಷೆಗಳ ಹಿರಿಯಜ್ಜಿ. ಅವನು ತನ್ನನ್ನು ಕರೆದುಕೊಂಡ ಹೆಸರುಗಳೇ ಅವನ ಸ್ವಭಾವ ಹೇಳುತ್ತವೆ: ಅಭಿಮಾನಮೇರು, ಕಾವ್ಯಪಿಶಾಚ. ಕಪ್ಪು ಮೈಬಣ್ಣದ ಬಡಕಲು ದೇಹದವನೆಂದು ತಾನೇ ಹೇಳಿಕೊಂಡಿದ್ದಾನೆ.

ಅವನ 'ಮಹಾಪುರಾಣ' ಆರಂಭವಾಗುವ ಬಗೆ ನೋಡಬೇಕು. ಮೂರನೆಯ ಕೃಷ್ಣ ಆಳುತ್ತಿದ್ದ ಕಾಲ. ಚೋಳರನ್ನು ಗೆದ್ದ ಅಬ್ಬರ ಎಲ್ಲೆಲ್ಲೂ ಇದೆ. ದೂರದಿಂದ ನಡೆದು ದಣಿದ ಕವಿ ನಗರದೊಳಗೆ ಹೋಗದೆ ಹೊರಗಿನ ತೋಪಿನಲ್ಲಿ ಕುಳಿತಿದ್ದಾನೆ. ಇಬ್ಬರು ಬಂದು ಕೇಳುತ್ತಾರೆ: ಇಷ್ಟು ದೊಡ್ಡ ನಗರ ಹತ್ತಿರವಿರುವಾಗ ಈ ನಿರ್ಜನ ತೋಪಿನಲ್ಲಿ ಯಾಕೆ ಕುಳಿತೆ? ದುರ್ಜನರ ಗಂಟಿಕ್ಕಿದ ಹುಬ್ಬು ನೋಡುವುದಕ್ಕಿಂತ ಬೆಟ್ಟದ ಗವಿಯಲ್ಲಿ ಸಿಕ್ಕಿದ್ದನ್ನು ತಿಂದು ಸಾಯುವುದು ಮೇಲು ಎಂಬರ್ಥದ ಉತ್ತರ ಕೊಡುತ್ತಾನೆ. ರಾಜ್ಯಲಕ್ಷ್ಮಿಯ ಬಗ್ಗೆ, ಚಾಮರದ ಗಾಳಿ, ಪಟ್ಟಾಭಿಷೇಕದ ನೀರಿನ ಬಗ್ಗೆ ಅಲ್ಲಿ ಅವನಾಡುವ ಮಾತು ಬಹಳ ಕಟು. ಸಾಮ್ರಾಜ್ಯ ಶಿಖರದಲ್ಲಿದ್ದಾಗ ಆಡಿದ ಮಾತು ಅದು ಎಂಬುದನ್ನು ಮರೆಯಬಾರದು. ತಾವೊ ಯುವಾನ್‌ಮಿಂಗ್ ಕೇಳಿದ್ದರೆ ಎದ್ದು ಬಂದು ಪಕ್ಕದಲ್ಲಿ ಕೂರುತ್ತಿದ್ದ.

ಆದರೆ ಇಲ್ಲಿಂದ ದಾರಿ ಬೇರೆಯಾಗುತ್ತದೆ. ಕೃಷ್ಣನ ಮಂತ್ರಿ ಭರತ ಒಳ್ಳೆಯ ಮನುಷ್ಯನೆಂದು ಆ ಇಬ್ಬರು ಒಪ್ಪಿಸುತ್ತಾರೆ. ಕವಿ ಮಾನ್ಯಖೇಟದ ಅವನ ಮನೆಗೆ ಬರುತ್ತಾನೆ. 959ರಲ್ಲಿ ಬರೆಯಲು ಹಿಡಿದು, ನಡುವೆ ಮನಸ್ಸು ಮುರಿದು ನಿಲ್ಲಿಸಿ, ಭರತ ಮತ್ತೆ ಹುರಿದುಂಬಿಸಿದ ಮೇಲೆ 965ರಲ್ಲಿ ಮುಗಿಸುತ್ತಾನೆ. ಅರವತ್ಮೂರು ಮಹಾಪುರುಷರ ಚರಿತ್ರೆ, ಬೃಹತ್ ಗ್ರಂಥ. ಮುಂದೆ ಭರತನ ಮಗ ನನ್ನನ ಆಶ್ರಯದಲ್ಲಿ 'ಣಾಯಕುಮಾರಚರಿಉ', 'ಜಸಹರಚರಿಉ' ಎಂಬ ಇನ್ನೆರಡು ಕಾವ್ಯ ಬರೆದ. ಆ ತೋಪು ಒಂದು ಪೀಠಿಕೆಯಾಗಿ ಉಳಿಯಿತು. ಚೀನಾದಲ್ಲಿ ಅಂಥ ತೋಪೇ ಇಡೀ ಕಾವ್ಯವಾಯಿತು. ಇಪ್ಪತ್ತು ಅಕ್ಷರ ಬರೆದು ಕವಿತೆ ಮುಗಿಯಿತು ಎನ್ನುವ ಧೈರ್ಯ ಅವರಿಗಿತ್ತು, ಅದನ್ನು ಕವಿತೆಯೆಂದು ಒಪ್ಪುವ ಓದುಗರೂ ಇದ್ದರು. ನಮ್ಮವನಿಗೆ ತೋಪಿನಲ್ಲಿ ಕುಳಿತ ಆ ಮಧ್ಯಾಹ್ನವನ್ನು ಉಳಿಸಿಕೊಳ್ಳಲು ಅರವತ್ಮೂರು ಮಹಾಪುರುಷರ ಕಥೆ ಹೇಳಬೇಕಾಯಿತು.

ನಮ್ಮ ಸೀಮೆಯ ನೆಲಕ್ಕೆ ಕವಿತೆಯಾಗುವ ಯೋಗ್ಯತೆ ಇಲ್ಲವೆನ್ನುವವರಿಗೆ ಹೇಳಬೇಕಾದದ್ದು ಇಷ್ಟೇ. ಮನೆಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಫರ್ಸಿ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು. ಬಡವರ ಮನೆಗೆ ಅದೇ ಮಾಡು, ಅದೇ ಜಗುಲಿ. ಕನಗನಹಳ್ಳಿಯ ಶಿಲ್ಪಿಗಳು ಕಮಲ ಕೆತ್ತಿದ್ದು ಈ ಸೀಮೆಯ ಸುಣ್ಣದಕಲ್ಲಿನಲ್ಲೇ. ಚಿಂಚೋಳಿಯಲ್ಲಿ ಕಾಡಿದೆ, 2011ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೆಲಂಗಾಣದ ಕಡೆಯಿಂದ ಬರುವ ಕಾಗಿಣಾ ಬೇಸಿಗೆಯಲ್ಲಿ ಬಂಡೆಗಳ ನಡುವಿನ ಮಡುವಾಗಿ, ಮಳೆಗಾಲದಲ್ಲಿ ಕೋಟೆಯ ಪಾದ ತಟ್ಟುವ ಹೊಳೆಯಾಗಿ ಹರಿದು ಶಹಾಬಾದಿನ ಸೀಮೆಯಲ್ಲಿ ಭೀಮೆಗೆ ಸೇರುತ್ತದೆ. ತೊಗರಿ ಹೂಬಿಟ್ಟಾಗ ಕರಿ ನೆಲದ ಮೇಲೆ ಹಳದಿ ಹರಡಿಕೊಳ್ಳುತ್ತದೆ. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ನಿಂತ ನೀರು ಹಸಿರಾಗಿ ಹೊಳೆಯುತ್ತದೆ, ಅದು ಚಂದವೂ ಹೌದು, ಮಕ್ಕಳು ಈಜಲು ಹೋದರೆ ತಾಯಂದಿರಿಗೆ ಭಯವೂ ಹೌದು. ದು ಫು ಆಗಿದ್ದರೆ ಎರಡನ್ನೂ ಒಂದೇ ಕವಿತೆಯಲ್ಲಿ ಇಡುತ್ತಿದ್ದ. ಕುರ್‌ಆನ್ ಮನುಷ್ಯನಿಗೆ ನೋಡೆಂದು ಹೇಳುವಾಗ ತೋಟವನ್ನಷ್ಟೇ ತೋರಿಸುವುದಿಲ್ಲ. ಸೂರಾ ಗಾಶಿಯಾದಲ್ಲಿ ಒಂಟೆ, ಆಕಾಶ, ಬೆಟ್ಟ, ಹಾಸಿದ ನೆಲ ಬರುತ್ತವೆ. ಮರುಭೂಮಿಯವನು ದಿನಾ ಕಾಣುವ ವಸ್ತುಗಳು ಅವು. ಅವುಗಳಿಗೆ 'ಆಯತ್', ಕುರುಹು, ಎಂಬ ಹೆಸರು.

ಕಾರ್ಖಾನೆ ಬೇಡವೆಂದು ನಾವು ಹೇಳುತ್ತಿಲ್ಲ. ವಾಡಿ, ಸೇಡಂ, ಮಳಖೇಡಗಳ ಸಾವಿರಾರು ಒಲೆಗಳು ಅದರಿಂದ ಉರಿದಿವೆ. ಆದರೆ ಹಾಡಿಲ್ಲದ ಗುಡ್ಡ ಮೊದಲು ಕರಗುತ್ತದೆ. ಬನವಾಸಿಯ ಒಂದು ಮರ ಕಡಿಯಲು ಹೊರಟವನಿಗೆ ಪಂಪ ಅಡ್ಡ ಬರುತ್ತಾನೆ. ಕಾಗಿಣಾ ದಂಡೆಯಲ್ಲಿ ಯಾರು ಅಡ್ಡ ಬರಬೇಕು?

ಎರಡು ರಾಜಧಾನಿಗಳೂ ಉಳಿಯಲಿಲ್ಲ. ಹ್ವಾಂಗ್ ಚಾವೊ ದಂಗೆಯಲ್ಲಿ ಖಾನ್‌ಫೂ ಬಂದರು ಹಾಳಾದ ಕಥೆಯನ್ನು ಸುಲೈಮಾನನ ಪುಸ್ತಕಕ್ಕೆ ಎರಡನೆಯ ಭಾಗ ಬರೆದ ಅಬೂ ಜೈದ್ ಸಿರಾಫಿ ದಾಖಲಿಸಿದ್ದಾನೆ. ಮುಸ್ಲಿಮರು, ಯಹೂದಿಗಳು, ಕ್ರೈಸ್ತರು, ಪಾರಸಿಗಳು ಸೇರಿ 1,20,000 ವರ್ತಕರು ಸತ್ತರೆಂದು ಅವನ ಲೆಕ್ಕ. 907ರಲ್ಲಿ ತಾಂಗ್ ವಂಶ ಮುಗಿಯಿತು. ವಾಂಗ್‌ಚುವಾನ್ ಕಣಿವೆಯಲ್ಲಿ ವಾಂಗ್ ವೇಯ ತೋಟವಿಲ್ಲ, ಅವನು ನೆಟ್ಟದ್ದೆಂದು ಜನ ಹೇಳುವ ಒಂದು ಗಿಂಕ್ಗೊ ಮರ ಇದೆ. ಮಾನ್ಯಖೇಟಕ್ಕೆ 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ನುಗ್ಗಿ ಕೊಳ್ಳೆ ಹೊಡೆದ. ಆ ಬೆಂಕಿಯ ಬಗ್ಗೆ ಪುಷ್ಪದಂತನ ಒಂದು ಸಂಸ್ಕೃತ ಪದ್ಯವಿದೆ. ಅದರಲ್ಲಿ ಅವನು ಸುಟ್ಟುಹೋದ ಊರಿನ ಹೂಬಿಟ್ಟ ಬಳ್ಳಿತೋಟಗಳನ್ನು ನೆನೆದು, ಪುಷ್ಪದಂತ ಕವಿ ಇನ್ನೆಲ್ಲಿ ವಾಸ ಮಾಡಬೇಕೆಂದು ತನ್ನ ಹೆಸರು ಹಿಡಿದೇ ಕೇಳುತ್ತಾನೆ. 1937ರಿಂದ 1941ರವರೆಗೆ ಪಿ.ಎಲ್. ವೈದ್ಯರು 'ಮಹಾಪುರಾಣ'ವನ್ನು ಸಂಪಾದಿಸಿ ಮೂರು ಸಂಪುಟಗಳಲ್ಲಿ ಹೊರತಂದರು. 965ರಲ್ಲೇ ಮುಗಿದ ಆ ಗ್ರಂಥದ ಹಸ್ತಪ್ರತಿಗಳಲ್ಲಿ 972ರ ಬೆಂಕಿ ಹೇಗೆ ಬಂತು ಎಂಬುದು ವಿದ್ವಾಂಸರಿಗೆ ಒಗಟಾಗಿತ್ತು. ಆ ಪದ್ಯ ಆಮೇಲೆ ಸೇರಿದ್ದು ಎಂಬುದೇ ಅವರು ಕಂಡುಕೊಂಡ ಉತ್ತರ.